ಒಂದು ಪುಟ, ಹಲವು ಕನ್ನಡಿ

ಪ್ರಯೋಗಶಾಲೆಗೆ ಹೊಸದಾಗಿ ಬರುವ ವಿದ್ಯಾರ್ಥಿಗಳಿಗೆ ನಾವು ಮೊದಲ ದಿನವೇ ಹೇಳಿಕೊಡುವ ಪಾಠವೊಂದುಂಟು. ವರ್ನಿಯರ್ ಕ್ಯಾಲಿಪರ್ಸನ್ನು ಕೈಗೆತ್ತಿಕೊಂಡೊಡನೆಯೇ ಅಳೆಯಲು ತೊಡಗಬಾರದು. ಅದರ ದವಡೆಗಳನ್ನು ಮುಚ್ಚಿ, ಎರಡು ಸೊನ್ನೆಗಳೂ ಒಂದಕ್ಕೊಂದು ನೇರವಾಗಿ ಕೂಡುತ್ತವೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಕೂಡದಿದ್ದಲ್ಲಿ ಉಪಕರಣದಲ್ಲಿ ಸೊನ್ನೆಯ ದೋಷವಿದೆಯೆಂದು ತಿಳಿದು ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ಉಪಕರಣವನ್ನು ನಂಬುವುದಕ್ಕೆ ಮೊದಲು ಉಪಕರಣವನ್ನೇ ಪರೀಕ್ಷಿಸಬೇಕೆಂಬುದು ಇದರ ತಾತ್ಪರ್ಯ. ವರ್ಷವರ್ಷವೂ ಈ ಮಾತನ್ನು ಪರರಿಗೆ ಹೇಳುತ್ತ ಬಂದ ನಾವೇ ಒಮ್ಮೆ ಅದನ್ನು ಮರೆತೆವು. ಮರೆತು ಒಬ್ಬ ವಿದ್ಯಾರ್ಥಿಗೆ ಅನ್ಯಾಯ ಮಾಡಿದೆವು.

ಸಂಗತಿ ಹೀಗೆ. ನಮ್ಮ ವಿದ್ಯಾರ್ಥಿಗಳನ್ನು ಕಾವಲೂರಿನ ಖಗೋಳ ವೀಕ್ಷಣಾಲಯಕ್ಕೆ ಕರೆದೊಯ್ಯುವುದೆಂದು ನಿಶ್ಚಯವಾಗಿತ್ತು. ಬಸ್ಸಿನಲ್ಲಿ ಇದ್ದುದು ನಲವತ್ತು ಜನಕ್ಕೆ ಸ್ಥಳ. ಬರಲಿಚ್ಛಿಸುವವರು ತಮ್ಮ ವಿವರಗಳನ್ನು ತುಂಬಿ ಕಳುಹಿಸಲೆಂದು ನಾವೇ ಒಂದು ಪುಟ್ಟ ಜಾಲಪುಟವನ್ನು ಸಿದ್ಧಪಡಿಸಿದೆವು. ನಮ್ಮ ಕಂಪ್ಯೂಟರಿನಲ್ಲಿಯೂ ನಮ್ಮ ಫೋನಿನಲ್ಲಿಯೂ ತೆರೆದು ನೋಡಿದಾಗ ಅದು ಅಚ್ಚುಕಟ್ಟಾಗಿ ಕಂಡಿತು. ಎರಡೇ ದಿನಗಳಲ್ಲಿ ನಲವತ್ತು ಹೆಸರುಗಳೂ ಬಂದುವು. ಮೂರನೆಯ ದಿನ ಬೆಳಗ್ಗೆ, ಹಳ್ಳಿಯಿಂದ ಓಡಾಡುವ ಹುಡುಗನೊಬ್ಬ ಬಾಗಿಲಲ್ಲಿ ಬಂದು ನಿಂತ.

“ಸಾರ್, ನಾನು ಮೊದಲನೇ ದಿವಸಾನೇ ಎಲ್ಲಾ ತುಂಬಿದ್ದೆ. ಕಳಿಸೋಕೆ ಬಟನ್ನೇ ಇರಲಿಲ್ಲ” ಎಂದ.

“ಬಟನ್ ಇಲ್ಲದೆ ನಲವತ್ತು ಜನ ಹೇಗಪ್ಪ ಕಳಿಸಿದರು?” ಎಂದು ನಾವು ಕೇಳಿದೆವು. ಸುತ್ತ ನಿಂತಿದ್ದವರು ನಕ್ಕರು. ಹುಡುಗ ಮತ್ತೆ ಮಾತಾಡಲಿಲ್ಲ.

ಆ ನಗೆಯ ಸಾಲ ತೀರಿಸುವುದಕ್ಕೋಸ್ಕರವೇ ಈ ಲೇಖನವನ್ನು ಬರೆಯುತ್ತಿದ್ದೇವೆ ಎಂದರೂ ತಪ್ಪಲ್ಲ.

ಪುಟವೆಂಬುದು ಚಿತ್ರವಲ್ಲ

ವೃತ್ತಪತ್ರಿಕೆಯ ಪುಟ ಒಮ್ಮೆ ಅಚ್ಚಾದ ಮೇಲೆ ಬೆಂಗಳೂರಿನಲ್ಲಿ ಓದಿದರೂ ಬೀದರಿನಲ್ಲಿ ಓದಿದರೂ ಒಂದೇ ರೂಪದಲ್ಲಿರುವುದು. ಜಾಲಪುಟ ಹಾಗಲ್ಲ. ನಮ್ಮ ಫೋನಿಗೆ ಬಂದು ಸೇರುವುದು ಪುಟದ ಚಿತ್ರವಲ್ಲ. ‘ಇಲ್ಲಿ ಶಿರೋನಾಮೆ, ಇದರ ಕೆಳಗೆ ಇಷ್ಟು ಅಗಲದ ಪೆಟ್ಟಿಗೆ, ಅದರೊಳಗೆ ಇಂಥ ಬಣ್ಣದ ಅಕ್ಷರ’ ಎಂಬ ಆದೇಶಗಳ ಮಾಲೆ. ಈ ಆದೇಶಗಳನ್ನು ಓದಿ, ಅರ್ಥಮಾಡಿಕೊಂಡು, ತೆರೆಯ ಮೇಲೆ ಪುಟವನ್ನು ಬಿಡಿಸುವ ತಂತ್ರಾಂಶಕ್ಕೆ ಬ್ರೌಸರು ಎಂದು ಹೆಸರು. ಒಂದೇ ಷಟ್ಪದಿಯನ್ನು ಇಬ್ಬರು ಗಮಕಿಗಳ ಕೈಗೆ ಕೊಟ್ಟರೆ ಪದಗಳು ಅವೇ ಆದರೂ ರಾಗ ಬೇರೆ, ನಿಲುಗಡೆ ಬೇರೆ. ಹಾಗೆಯೇ ಒಂದೇ ಪುಟವನ್ನು ಎರಡು ಬ್ರೌಸರುಗಳು ಓದಿದಾಗ ಕಾಣುವ ರೂಪ ಒಂದೇ ಆಗಿರಬೇಕೆಂಬ ನಿಯಮವೇನೂ ತಾನಾಗಿ ಹುಟ್ಟಿಬರುವುದಿಲ್ಲ. ಆ ನಿಯಮವನ್ನು ಮನುಷ್ಯರೇ ಕೂಡಿ ಮಾಡಿಕೊಳ್ಳಬೇಕು.

ಭೌತವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ಸಂಗತಿಯನ್ನು ಅಭಿಮಾನದಿಂದ ನೆನೆಯಬಹುದು. ಈ ಜಾಲ ಹುಟ್ಟಿದುದೇ ಭೌತವಿಜ್ಞಾನಿಗಳ ಅನುಕೂಲಕ್ಕಾಗಿ. ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು 1989ರಲ್ಲಿ ಇದರ ಯೋಜನೆಯನ್ನು ಮುಂದಿಟ್ಟು, 1990ರ ಕೊನೆಯ ವೇಳೆಗೆ ಮೊದಲ ಬ್ರೌಸರನ್ನು ರಚಿಸಿದರು. ದೇಶದೇಶಗಳ ವಿಜ್ಞಾನಿಗಳು ತಮ್ಮ ತಮ್ಮ ಯಂತ್ರಗಳಲ್ಲಿ ಒಂದೇ ದಾಖಲೆಯನ್ನು ಓದುವಂತಾಗಬೇಕೆಂಬುದೇ ಅದರ ಉದ್ದೇಶ. 1993ರಲ್ಲಿ ಮೊಸಾಯಿಕ್, 1994ರಲ್ಲಿ ನೆಟ್‌ಸ್ಕೇಪ್, 1995ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಂದುವು. ಬ್ರೌಸರುಗಳು ಹೆಚ್ಚಿದಂತೆ ಭಿನ್ನತೆಯೂ ಹೆಚ್ಚಿತು.

ಭಿನ್ನತೆ ಎಷ್ಟು ಸರಳವಾಗಿ ಹುಟ್ಟಬಲ್ಲುದೆಂಬುದಕ್ಕೆ ಒಂದು ನಿದರ್ಶನ ಕೊಡೋಣ. ಪುಟವೊಂದರಲ್ಲಿ 300 ಮಾನ ಅಗಲದ ಪೆಟ್ಟಿಗೆಯೊಂದನ್ನು ಬರೆಯಬೇಕು; ಅದರ ಒಳಗೆ ಎಡಬಲಗಳಲ್ಲಿ 20 ಮಾನದಷ್ಟು ಖಾಲಿ ಜಾಗವಿರಬೇಕು; ಅಂಚಿನ ಗೆರೆ 5 ಮಾನ ದಪ್ಪವಿರಬೇಕು ಎಂದು ಆದೇಶವಿದೆಯೆನ್ನೋಣ. 300 ಎಂದರೆ ಯಾವುದರ ಅಗಲ? ಒಳಗಿನ ಬರಹದ್ದೆ, ಇಡೀ ಪೆಟ್ಟಿಗೆಯದೆ? 1996ರ ಅಧಿಕೃತ ನಿಯಮದಂತೆ ಅದು ಬರಹದ ಅಗಲ; ಆದುದರಿಂದ ಪೆಟ್ಟಿಗೆಯ ಒಟ್ಟು ಅಗಲ 350. ಆದರೆ ವಿಂಡೋಸ್ ಯಂತ್ರಗಳಲ್ಲಿದ್ದ ಎಕ್ಸ್‌ಪ್ಲೋರರಿನ ಐದನೆಯ ಆವೃತ್ತಿ ಅದನ್ನು ಇಡೀ ಪೆಟ್ಟಿಗೆಯ ಅಗಲವೆಂದು ಎಣಿಸಿ, ಬರಹಕ್ಕೆ 250 ಮಾನವನ್ನು ಮಾತ್ರ ಉಳಿಸುತ್ತಿತ್ತು. ಅಳತೆಪಟ್ಟಿಯನ್ನು ಒಬ್ಬರು ಮೊನೆಯಿಂದ, ಇನ್ನೊಬ್ಬರು ಮೊದಲ ಗೆರೆಯಿಂದ ಹಿಡಿದಂತಾಯಿತು. 2001ರಲ್ಲಿ ಬಂದ ಆರನೆಯ ಆವೃತ್ತಿ ನಿಯಮವನ್ನು ಪಾಲಿಸಲು ಕಲಿತರೂ, ಹಳೆಯ ಯಂತ್ರಗಳು ಬಳಕೆಯಲ್ಲಿದ್ದಷ್ಟು ಕಾಲವೂ ಪುಟ ರಚಿಸುವವರು ಎರಡು ಲೆಕ್ಕಗಳನ್ನೂ ಇಟ್ಟುಕೊಳ್ಳಬೇಕಾಯಿತು.

ಮತ್ತೊಂದು ಪ್ರಸಂಗ ಇನ್ನೂ ವಿನೋದವಾದುದು. ಬ್ರೌಸರು ತಾಣವನ್ನು ಪ್ರವೇಶಿಸುವಾಗ ತನ್ನ ಹೆಸರನ್ನೂ ಆವೃತ್ತಿಯ ಸಂಖ್ಯೆಯನ್ನೂ ಹೇಳಿಕೊಳ್ಳುವುದು ವಾಡಿಕೆ. 2009ರಲ್ಲಿ ಆಪೆರಾ ಬ್ರೌಸರಿನ ಹತ್ತನೆಯ ಆವೃತ್ತಿ ಹೊರಬಂದಾಗ, ಕೆಲವು ತಾಣಗಳು 10 ಎಂಬುದರ ಮೊದಲ ಅಂಕಿಯನ್ನು ಮಾತ್ರ ಓದಿ, ‘ಇದು ಒಂದನೆಯ ಆವೃತ್ತಿ, ತೀರ ಹಳೆಯದು’ ಎಂದು ಬಾಗಿಲು ಮುಚ್ಚುತ್ತಿದ್ದುವು. ಆಪೆರಾ ವಿಧಿಯಿಲ್ಲದೆ ತನ್ನನ್ನು 9.80 ಎಂದೇ ಪರಿಚಯಿಸಿಕೊಳ್ಳಬೇಕಾಯಿತು. 2022ರಲ್ಲಿ ಕ್ರೋಮ್, ಫೈರ್‌ಫಾಕ್ಸ್ ಎರಡೂ ನೂರನೆಯ ಆವೃತ್ತಿಯನ್ನು ಮುಟ್ಟುವ ಮುನ್ನ, ಇದೇ ಅನಾಹುತ ಮೂರಂಕಿಯಲ್ಲಿ ಮರುಕಳಿಸೀತೆಂದು ಅವುಗಳ ರಚಕರು ಮುಂಚಿತವಾಗಿಯೇ ಪರೀಕ್ಷೆಗಳನ್ನು ನಡೆಸಿದರು.

ಇಂದು ಬ್ರೌಸರುಗಳ ಹೆಸರು ಹಲವಿದ್ದರೂ ಒಳಗಿನ ಎಂಜಿನ್ನುಗಳು ಮುಖ್ಯವಾಗಿ ಮೂರೇ: ಕ್ರೋಮ್, ಎಡ್ಜ್ ಮೊದಲಾದವುಗಳಲ್ಲಿರುವ ಬ್ಲಿಂಕ್, ಸಫಾರಿಯಲ್ಲಿರುವ ವೆಬ್‌ಕಿಟ್, ಫೈರ್‌ಫಾಕ್ಸಿನಲ್ಲಿರುವ ಗೆಕೊ. ಹೆಸರನ್ನು ನೋಡಿ ಎಂಜಿನ್ನನ್ನು ಊಹಿಸುವುದೂ ಕ್ಷೇಮವಲ್ಲ. ಐಫೋನಿನಲ್ಲಿ ಕ್ರೋಮ್ ಎಂಬ ಹೆಸರಿನಿಂದ ಕಾಣುವ ಬ್ರೌಸರು ಆಪಲ್ ಸಂಸ್ಥೆಯ ಕಟ್ಟಳೆಯಂತೆ ಒಳಗೆ ವೆಬ್‌ಕಿಟ್ಟನ್ನೇ ಬಳಸುತ್ತ ಬಂದಿದೆ. ಐರೋಪ್ಯ ಒಕ್ಕೂಟದ ದೇಶಗಳಲ್ಲಿ 2024ರಲ್ಲಿ ಈ ಕಟ್ಟಳೆ ಸಡಿಲವಾಯಿತು. ಆದುದರಿಂದ ಆಂಡ್ರಾಯ್ಡ್ ಫೋನಿನ ಕ್ರೋಮಿನಲ್ಲಿ ಸರಿಯಾಗಿ ಕಂಡ ಪುಟ ಐಫೋನಿನ ಕ್ರೋಮಿನಲ್ಲಿಯೂ ಸರಿಯಾಗಿ ಕಾಣುವುದೆಂದು ಭರವಸೆ ಕೊಡಲಾಗದು.

ಮೋಡದಲ್ಲಿರುವ ಪ್ರಯೋಗಶಾಲೆ

ಹೀಗಿರುವಾಗ ಪುಟವನ್ನೋ ಆ್ಯಪನ್ನೋ ರಚಿಸಿದವರು ಮಾಡತಕ್ಕದ್ದೇನು? ಬಗೆಬಗೆಯ ಫೋನುಗಳನ್ನೂ ಕಂಪ್ಯೂಟರುಗಳನ್ನೂ ಕೊಂಡು ಕಪಾಟಿನಲ್ಲಿ ಜೋಡಿಸಿಟ್ಟು ಒಂದೊಂದರಲ್ಲಿಯೂ ತೆರೆದು ನೋಡಬೇಕು. ದೊಡ್ಡ ಸಂಸ್ಥೆಗಳು ಮೊದಲು ಇದನ್ನೇ ಮಾಡುತ್ತಿದ್ದುವು. ಆದರೆ ಇದಕ್ಕೆ ತಗಲುವ ವೆಚ್ಚ ಅಪಾರ. ಅದಲ್ಲದೆ ಫೋನುಗಳು ವರ್ಷವೊಂದರಲ್ಲಿ ಹಳತಾಗುವುವು.

ಈ ಕಷ್ಟಕ್ಕೆ ಪರಿಹಾರವಾಗಿ ಬಂದುದೇ ಬಾಡಿಗೆಯ ಪರೀಕ್ಷಾಲಯ. ಸಾವಿರಾರು ಫೋನುಗಳನ್ನೂ ಕಂಪ್ಯೂಟರುಗಳನ್ನೂ ಒಂದು ಸಂಸ್ಥೆ ತನ್ನ ಕಟ್ಟಡಗಳಲ್ಲಿ ಸಾಲುಸಾಲಾಗಿ ಇರಿಸಿ, ಇಂಟರ್ನೆಟ್ಟಿನ ಮೂಲಕ ಅವನ್ನು ಗಂಟೆಯ ಅಥವಾ ತಿಂಗಳ ಲೆಕ್ಕದಲ್ಲಿ ಒದಗಿಸುವುದು. ‘ಕ್ಲೌಡ್’ ಎಂದರೆ ಮೋಡವೆಂದು ಅರ್ಥವಾದರೂ, ಈ ಮೋಡ ಆಕಾಶದಲ್ಲಿಲ್ಲ. ನೆಲದ ಮೇಲೆ, ತಂಪುಗೊಳಿಸಿದ ಕೋಣೆಗಳಲ್ಲಿ, ವಿದ್ಯುತ್ತನ್ನು ಕುಡಿಯುತ್ತ ಕುಳಿತಿದೆ. ನಾವು ಕುಳಿತಲ್ಲಿಂದಲೇ ಪಟ್ಟಿಯಲ್ಲಿರುವ ಒಂದು ಫೋನನ್ನು ಆರಿಸಿದರೆ ಅದರ ತೆರೆಯ ಚಿತ್ರ ನಮ್ಮ ಕಂಪ್ಯೂಟರಿಗೆ ಹರಿದುಬರುವುದು. ನಾವು ಚಿತ್ರದ ಮೇಲೆ ಒತ್ತಿದ ಸ್ಥಾನದ ನಿರ್ದೇಶಾಂಕಗಳು ಅಲ್ಲಿಗೆ ಹೋಗಿ, ಆ ಫೋನು ತನ್ನ ತೆರೆಯನ್ನೇ ಯಾರೋ ಮುಟ್ಟಿದರೆಂಬಂತೆ ಪ್ರತಿಕ್ರಿಯಿಸುವುದು.

ಮನುಷ್ಯರ ಬದಲು ಯಂತ್ರವೇ ಪುಟವನ್ನು ತೆರೆದು, ಗುಂಡಿಗಳನ್ನೊತ್ತಿ, ಫಲಿತಾಂಶವನ್ನು ಗುರುತು ಹಾಕಿಕೊಳ್ಳುವ ಏರ್ಪಾಡೂ ಉಂಟು. ಷಿಕಾಗೊ ನಗರದಲ್ಲಿ ಥಾಟ್‌ವರ್ಕ್ಸ್ ಸಂಸ್ಥೆಯಲ್ಲಿದ್ದ ಜೇಸನ್ ಹಗ್ಗಿನ್ಸ್ ಎಂಬವರು 2004ರಲ್ಲಿ ಇಂಥ ಒಂದು ತಂತ್ರಾಂಶವನ್ನು ರಚಿಸಿ ಸೆಲಿನಿಯಮ್ ಎಂದು ಹೆಸರಿಟ್ಟರು. ಆಗ ಈ ಕ್ಷೇತ್ರದಲ್ಲಿದ್ದ ಪ್ರಬಲ ಸಂಸ್ಥೆಯ ಹೆಸರು ಮರ್ಕ್ಯುರಿ, ಅಂದರೆ ಪಾದರಸ. ಪಾದರಸದ ವಿಷಕ್ಕೆ ಸೆಲಿನಿಯಮ್ ಮದ್ದೆಂಬ ರಸಾಯನಶಾಸ್ತ್ರದ ಹಾಸ್ಯ ಆ ಹೆಸರಿನಲ್ಲಿ ಅಡಗಿದೆ. ಅವರೂ ಸೇರಿ 2008ರಲ್ಲಿ ಸ್ಥಾಪಿಸಿದ ಸಾಸ್ ಲ್ಯಾಬ್ಸ್ ಈ ಪರೀಕ್ಷೆಗಳನ್ನು ದೂರದ ಯಂತ್ರಗಳಲ್ಲಿ ನಡೆಸುವ ಸೇವೆಯನ್ನು ಆರಂಭಿಸಿತು. ನಮ್ಮ ದೇಶದಲ್ಲಿ 2011ರಲ್ಲಿ ರಿತೇಶ್ ಅರೋರಾ, ನಕುಲ್ ಅಗರ್‌ವಾಲ್ ಎಂಬ ಮುಂಬಯಿ ಐ.ಐ.ಟಿ.ಯ ಪದವೀಧರರಿಬ್ಬರು ಬ್ರೌಸರ್‌ಸ್ಟ್ಯಾಕ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ಅದರ ಗಿರಾಕಿಗಳು ಇಂದು ಅನೇಕ ದೇಶಗಳಲ್ಲಿದ್ದಾರೆ.

ಬಳಸಿದವರು ಕಂಡುದು

ಇಂಥ ಸೇವೆಗಳನ್ನು ಬಳಸಿದವರ ಅನುಭವಗಳಲ್ಲಿ ಸಂತೋಷವೂ ಉಂಟು, ಬೇಸರವೂ ಉಂಟು. ಕೈಯಲ್ಲಿ ಎಂದೂ ಹಿಡಿಯದ ಫೋನೊಂದರ ಮೇಲೆ ತಮ್ಮ ಪುಟ ಮೂಡುವುದನ್ನು ಕಂಡಾಗ ಆಗುವ ಸಂತೋಷ ದೊಡ್ಡದು. ಬೇಸರಗಳ ಕಾರಣವನ್ನು ತುಸು ವಿಚಾರ ಮಾಡಿ ನೋಡೋಣ.

ಮೊದಲನೆಯದು ವಿಳಂಬ. ಗಾಜಿನ ತಂತುವಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ವೇಗದಲ್ಲಿ ಸಾಗುವುದು. ಬೆಂಗಳೂರಿನಿಂದ ಅಮೆರಿಕದ ಪಶ್ಚಿಮ ತೀರ ಹೆಚ್ಚುಕಡಿಮೆ 14,000 ಕಿಲೋಮೀಟರು ದೂರ. ಹೋಗಿಬರುವ ದಾರಿ 28,000. ಅಂದಮೇಲೆ ನಾವು ಒತ್ತಿದುದು ಅಲ್ಲಿಗೆ ಮುಟ್ಟಿ, ಅದರ ಪರಿಣಾಮ ನಮಗೆ ಕಾಣುವುದಕ್ಕೆ ಕನಿಷ್ಠ 140 ಮಿಲಿಸೆಕೆಂಡು ಬೇಕು. ಫೋನಿನ ತೆರೆ ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಹೊಸ ಚಿತ್ರ ಬರೆಯುವುದರಿಂದ ಅಷ್ಟರಲ್ಲಿ ಎಂಟು ಚಿತ್ರಗಳು ಕಳೆದುಹೋಗಿರುತ್ತವೆ. ಇದು ಬೆಳಕಿನ ವೇಗ ಹಾಕಿದ ಮಿತಿ. ಎಷ್ಟು ಹಣ ಕೊಟ್ಟರೂ ಇದರ ಕೆಳಗೆ ಇಳಿಯಲಾಗದು. ಫೋನುಗಳು ಮುಂಬಯಿಯಲ್ಲಿದ್ದರೆ ಇದೇ ಮಿತಿ ಹತ್ತು ಮಿಲಿಸೆಕೆಂಡಿನ ಆಸುಪಾಸಿಗೆ ಇಳಿಯುವುದು. ಪುಟದ ವಿನ್ಯಾಸವನ್ನು ನೋಡುವುದಕ್ಕೆ ಈ ವಿಳಂಬದಿಂದ ತೊಂದರೆಯಿಲ್ಲ. ಆದರೆ ಆಟದ ಆ್ಯಪೊಂದರ ಚಲನೆ ನಯವಾಗಿದೆಯೇ ಎಂದು ಕಣ್ಣಿನಿಂದ ನಿರ್ಣಯಿಸಲು ಹೊರಟರೆ, ದೋಷ ಆ್ಯಪಿನದೋ ದಾರಿಯದೋ ತಿಳಿಯುವುದಿಲ್ಲ.

ಎರಡನೆಯದು ಅಸಲು ಮತ್ತು ಅನುಕರಣ. ಕೆಲವು ಸೇವೆಗಳಲ್ಲಿ ನಿಜವಾದ ಫೋನಿನ ಬದಲು ಅದನ್ನು ಅನುಕರಿಸುವ ತಂತ್ರಾಂಶ ದೊರೆಯುವುದು. ಇದು ಅಗ್ಗ, ಬೇಗ ಸಿಗುವುದು. ಆದರೆ ಅನುಕರಣಕ್ಕೆ ಬ್ಯಾಟರಿ ಇಳಿಯುವುದಿಲ್ಲ, ಮೈ ಬಿಸಿಯಾಗುವುದಿಲ್ಲ, ಸ್ಮರಣಶಕ್ತಿ ಸಾಲದೆ ತೊಳಲುವುದಿಲ್ಲ. ಕಂಪ್ಯೂಟರಿನ ಬ್ರೌಸರಿನ ಕಿಟಕಿಯನ್ನು ಕಿರಿದುಮಾಡಿ ನೋಡುವುದೂ ಒಂದು ಅನುಕರಣವೇ. ಫೋನಿನಲ್ಲಿ ಪುಟವನ್ನು ಬೆರಳಿನಿಂದ ಮೇಲಕ್ಕೆ ಸರಿಸಿದಾಗ ವಿಳಾಸದ ಪಟ್ಟಿ ಮರೆಯಾಗಿ ತೆರೆಯ ಎತ್ತರವೇ ಬದಲಾಗುವುದು, ಕಿಟಕಿಯಲ್ಲಿ ಹಾಗಾಗದು. ‘ತೆರೆಯ ಪೂರ್ಣ ಎತ್ತರ’ ಎಂದರೆ ಯಾವ ಎತ್ತರ ಎಂಬ ಈ ಗೊಂದಲವನ್ನು ನೀಗಲು ಬ್ರೌಸರುಗಳು 2022ರಲ್ಲಿ ಹೊಸ ಅಳತೆಯ ಮಾನಗಳನ್ನೇ ಜಾರಿಗೆ ತರಬೇಕಾಯಿತು.

ಮೂರನೆಯದು ಚಂಚಲತೆ. ಯಂತ್ರ ನಡೆಸುವ ಪರೀಕ್ಷೆ ಇಂದು ತೇರ್ಗಡೆಯಾಗಿ, ನಾಳೆ ಏನೂ ಬದಲಾಗದಿದ್ದರೂ ನಪಾಸಾಗುವುದುಂಟು. ಗುಂಡಿ ತೆರೆಯ ಮೇಲೆ ಮೂಡುವ ಮುಂಚೆಯೇ ಯಂತ್ರ ಅದನ್ನು ಒತ್ತಲು ಹೋಯಿತು. ಅಥವಾ ದಾರಿಯಲ್ಲಿ ಒಂದು ಸಂದೇಶ ತಡವಾಯಿತು. ಗೂಗಲ್ ಸಂಸ್ಥೆಯವರು 2016ರಲ್ಲಿ ತಿಳಿಸಿದಂತೆ ಅವರ ಪರೀಕ್ಷೆಗಳಲ್ಲಿ ಸುಮಾರು ಶೇಕಡ 16ರಷ್ಟು ಒಂದಿಷ್ಟಾದರೂ ಇಂಥ ಚಂಚಲತೆಯನ್ನು ತೋರಿದ್ದುವು. ಒಂದೊಂದು ಪರೀಕ್ಷೆಯೂ ನೂರಕ್ಕೆ ತೊಂಬತ್ತೊಂಬತ್ತು ಸಲ ನಂಬಿಕೆಗೆ ಅರ್ಹವಾಗಿರಲಿ. ಅಂಥ ನೂರು ಪರೀಕ್ಷೆಗಳನ್ನು ಒಟ್ಟಿಗೆ ನಡೆಸಿದರೆ ಎಲ್ಲವೂ ಸರಿಯಾಗಿ ಮುಗಿಯುವ ಸಂಭವವೆಷ್ಟು? 0.99ನ್ನು ನೂರು ಸಲ ಗುಣಿಸಿ ನೋಡಿ, ಉತ್ತರ 0.37ಕ್ಕಿಂತ ತುಸು ಕಡಿಮೆ. ಅಂದರೆ ಮೂರು ಸಲದಲ್ಲಿ ಸುಮಾರು ಎರಡು ಸಲ ಎಲ್ಲಿಯೋ ಒಂದು ಕಡೆ ಸುಳ್ಳು ಗಂಟೆ ಬಾರಿಸುವುದು. ಸುಳ್ಳು ಗಂಟೆಗೆ ಕಿವಿ ಹೊಂದಿಕೊಂಡವರು ನಿಜವಾದ ಗಂಟೆಗೂ ಏಳುವುದಿಲ್ಲವೆಂಬುದೇ ಇದರ ನಿಜವಾದ ಅಪಾಯ.

ಇವಲ್ಲದೆ ಸಣ್ಣಪುಟ್ಟ ತೊಡಕುಗಳೂ ಇವೆ. ಬೇಕಾದ ಫೋನನ್ನು ಬೇರೊಬ್ಬರು ಬಳಸುತ್ತಿದ್ದರೆ ಸರದಿಗಾಗಿ ಕಾಯಬೇಕು. ದೂರದ ಫೋನಿನಲ್ಲಿ ನಮ್ಮ ಸಿಮ್ ಇರುವುದಿಲ್ಲವಾದ್ದರಿಂದ, ಒ.ಟಿ.ಪಿ. ಬಂದಲ್ಲದೆ ತೆರೆಯದ ಆ್ಯಪನ್ನು ಪರೀಕ್ಷಿಸಲು ಬೇರೆ ಉಪಾಯ ಹೂಡಬೇಕು. ಒಬ್ಬರು ಬಿಟ್ಟ ಫೋನು ಇನ್ನೊಬ್ಬರ ಕೈಗೆ ಹೋಗುವುದರಿಂದ, ನಡುವೆ ಅದನ್ನು ಅಳಿಸಿ ಶುದ್ಧಗೊಳಿಸುವ ಏರ್ಪಾಡಿದ್ದರೂ, ನಿಜವಾದ ಗುಪ್ತಪದವನ್ನಾಗಲಿ ಹಣದ ವಿವರಗಳನ್ನಾಗಲಿ ಅದರಲ್ಲಿ ಬರೆಯದಿರುವುದೇ ವಿವೇಕ.

ಕನ್ನಡ ಬರೆಯುವ ನಮಗೆ ಒಂದು ವಿಶೇಷ ಪರೀಕ್ಷೆಯೂ ಅವಶ್ಯ. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದಕ್ಷರ. ಯೂನಿಕೋಡ್ ಪದ್ಧತಿಯಲ್ಲಿ ಕಂಪ್ಯೂಟರು ಅದನ್ನು ಆರು ಸಂಕೇತಗಳಾಗಿ ಇಟ್ಟುಕೊಂಡಿರುತ್ತದೆ: ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಈಕಾರದ ಚಿಹ್ನೆ. ‘ಸೂರ್ಯ’ದಲ್ಲಿ ರೇಫ ಮೊದಲು ಬಂದು ಯಕಾರ ಆಮೇಲೆ ಬಂದರೂ, ಬರೆಯುವಾಗ ಅರ್ಕಾವೊತ್ತು ಯಕಾರದ ಮುಂದೆ ಕೂರುವುದು. ಈ ಜೋಡಣೆಯನ್ನು ಒಂದೊಂದು ವ್ಯವಸ್ಥೆಯಲ್ಲಿ ಒಂದೊಂದು ತಂತ್ರಾಂಶ ಮಾಡುವುದರಿಂದ ಒತ್ತಕ್ಷರಗಳು ಒಂದರಲ್ಲಿ ಸರಿಯಾಗಿ ಕೂಡಿ ಇನ್ನೊಂದರಲ್ಲಿ ಬಿಡಿಬಿಡಿಯಾಗಿ ನಿಲ್ಲಬಹುದು. ‘ಹೆಸರು ಹತ್ತು ಅಕ್ಷರ ಮೀರಬಾರದು’ ಎಂದು ಸಂಕೇತಗಳನ್ನೆಣಿಸುವ ಪುಟವೊಂದು ಕಟ್ಟಳೆ ವಿಧಿಸಿದರೆ ಕನ್ನಡದ ಹೆಸರು ಅರ್ಧಕ್ಕೇ ಮುರಿದುಬೀಳುವುದು.

ಹುಡುಗ ಮತ್ತೆ ಬಂದ

ನಮ್ಮ ಕಥೆಗೆ ಹಿಂದಿರುಗೋಣ. ಹುಡುಗ ಹೋದ ಮೇಲೆ ಮನಸ್ಸಿಗೆ ಏನೋ ಇರಿಸುಮುರಿಸಾಯಿತು. ಅವನು ಬಳಸಿದ ಫೋನು ಯಾವುದೆಂದು ಅವನ ಗೆಳೆಯರನ್ನು ವಿಚಾರಿಸಿ, ಮೇಲೆ ಹೇಳಿದಂಥ ಸೇವೆಯೊಂದರಲ್ಲಿ ಅದೇ ಮಾದರಿಯ ಫೋನನ್ನು ಹುಡುಕಿ ತೆಗೆದು, ನಮ್ಮ ಪುಟವನ್ನು ತೆರೆದೆವು. ಗುಂಡಿ ಇದ್ದಲ್ಲಿಯೇ ಇತ್ತು! ನಮ್ಮ ಮಾತೇ ಸರಿಯೆಂದು ಸಮಾಧಾನ ಹೊಂದಿ ಆ ವಿಷಯವನ್ನು ಅಲ್ಲಿಗೇ ಬಿಟ್ಟೆವು.

ಕಾವಲೂರಿನಿಂದ ಹಿಂದಿರುಗಿದ ಮರುವಾರ ಹುಡುಗ ಮತ್ತೆ ಬಂದ. ಈ ಸಲ ಕೈಯಲ್ಲಿ ಫೋನಿತ್ತು. “ಇದು ನಮ್ಮಪ್ಪಂದು ಸಾರ್. ಇವತ್ತು ಕೇಳಿ ತಂದೆ. ನೀವೇ ನೋಡಿ” ಎಂದು ಮೇಜಿನ ಮೇಲಿಟ್ಟ. ನೋಡಿದೆವು. ಹೆಸರು, ತರಗತಿ, ಊರು ಎಲ್ಲವೂ ಇದ್ದುವು, ಗುಂಡಿ ಇರಲಿಲ್ಲ. ಮೇಲಕ್ಕೆ ಸರಿಸಿದರೆ ಪುಟ ಕದಲಲಿಲ್ಲ. ಆಗ ಕಣ್ಣಿಗೆ ಬಿದ್ದುದು ಅಕ್ಷರಗಳ ಗಾತ್ರ. ದೃಷ್ಟಿ ಮಂದವಾದ ಅವನ ತಂದೆ ಬ್ರೌಸರಿನ ಅಕ್ಷರಗಳನ್ನು ಒಂದೂವರೆಯಷ್ಟು ದೊಡ್ಡದು ಮಾಡಿಸಿ ಇಟ್ಟುಕೊಂಡಿದ್ದರು.

ಲೆಕ್ಕ ಈಗ ಸ್ಪಷ್ಟವಾಯಿತು. ನಮ್ಮ ಪುಟಕ್ಕೆ ಸಾಧಾರಣ ಅಕ್ಷರಗಳಲ್ಲಿ ಬೇಕಾಗಿದ್ದ ಎತ್ತರ ಸುಮಾರು 440 ಮಾನ. ಅಕ್ಷರ ಒಂದೂವರೆಯಾದಾಗ 660. ಆ ಹಳೆಯ ಫೋನಿನ ಗಿಡ್ಡ ತೆರೆಯಲ್ಲಿ ಪುಟಕ್ಕೆ ಸಿಗುವುದು 500. ಹೊಸ ಉದ್ದ ಫೋನುಗಳಲ್ಲಿ 720. ಗಿಡ್ಡ ತೆರೆಯೊಂದೇ ಆದರೆ ತೊಂದರೆಯಿಲ್ಲ. 500ರಲ್ಲಿ 440 ಹಿಡಿಯುವುದು. ದೊಡ್ಡ ಅಕ್ಷರವೊಂದೇ ಆದರೂ ತೊಂದರೆಯಿಲ್ಲ. 720ರಲ್ಲಿ 660 ಹಿಡಿಯುವುದು. ಎರಡೂ ಕೂಡಿದಾಗ ಮಾತ್ರ ಗುಂಡಿ ತೆರೆಯ ಆಚೆಗೆ ಬೀಳುವುದು. ಅಚ್ಚುಕಟ್ಟಾಗಿ ಕಾಣಲೆಂದು ‘ತೆರೆಯನ್ನು ಮೀರಿದುದನ್ನು ಮರೆಮಾಡು’ ಎಂದು ನಾವೇ ಆದೇಶ ಬರೆದಿದ್ದುದರಿಂದ ಅದನ್ನು ಸರಿಸಿ ನೋಡುವ ದಾರಿಯೂ ಮುಚ್ಚಿತ್ತು. ದೂರದ ಫೋನನ್ನು ಮತ್ತೆ ತೆರೆದು ಅಕ್ಷರಗಳನ್ನು ಹಿಗ್ಗಿಸಿದೊಡನೆ ಅಲ್ಲಿಯೂ ಗುಂಡಿ ಮಾಯವಾಯಿತು.

ಸೇವೆ ನಮಗೆ ಸುಳ್ಳು ಹೇಳಿರಲಿಲ್ಲ. ಅದು ಕೊಟ್ಟುದು ಫೋನನ್ನು, ಫೋನಿನ ಒಡೆಯನನ್ನಲ್ಲ. ಪೆಟ್ಟಿಗೆಯಿಂದ ತೆಗೆದ ಹಾಗೆಯೇ ಇರುವ ಶುದ್ಧ ಫೋನಿನಲ್ಲಿ, ಅದನ್ನು ಬಳಸುವವರ ಕಣ್ಣಿನ ದೋಷ, ಒಡೆದ ಗಾಜು, ತುಂಬಿದ ಸ್ಮೃತಿ, ಊರಿನ ಮಂದವಾದ ಸಿಗ್ನಲ್ ಯಾವುದೂ ಇರುವುದಿಲ್ಲ. ಅವನ್ನು ಪರೀಕ್ಷಿಸುವವರೇ ಊಹಿಸಿ ಕೂಡಿಸಿಕೊಳ್ಳಬೇಕು.

ಎಂಬತ್ತೊಂದರ ಕೆಲಸ ಒಂಬತ್ತರಲ್ಲಿ

‘ಊಹಿಸಬೇಕಾದುದು ಇಷ್ಟೆಲ್ಲ ಇರುವಾಗ ಎಲ್ಲವನ್ನೂ ಪರೀಕ್ಷಿಸುವುದು ಹೇಗೆ?’ ಎಂದು ವಾಚಕರು ಕೇಳಬಹುದು. ತೆರೆ ಮೂರು ಬಗೆ: ಗಿಡ್ಡ, ಮಧ್ಯಮ, ಉದ್ದ. ಅಕ್ಷರ ಮೂರು ಬಗೆ: ಸಣ್ಣದು, ಸಾಧಾರಣ, ದೊಡ್ಡದು. ಆಂಡ್ರಾಯ್ಡ್ ಫೋನಿನಲ್ಲಿ ಬ್ರೌಸರು ಮೂರು: ಕ್ರೋಮ್, ಫೈರ್‌ಫಾಕ್ಸ್, ಸ್ಯಾಮ್‌ಸಂಗ್. ಸಂಪರ್ಕ ಮೂರು: ಮಂದ, ಮಧ್ಯಮ, ವೇಗ. ಎಲ್ಲ ಕೂಟಗಳೂ ಸೇರಿ 3×3×3×3, ಅಂದರೆ 81. ಐದನೆಯ ಅಂಶವೊಂದನ್ನು ಸೇರಿಸಿದರೆ 243. ಹೀಗೆ ಬೆಳೆದರೆ ಬಾಡಿಗೆಯ ಫೋನುಗಳಿಗೂ ನಮ್ಮ ತಾಳ್ಮೆಗೂ ಮಿತಿಯುಂಟು.

ಇಲ್ಲಿ ನೆರವಿಗೆ ಬರುವುದು ಕಂಪ್ಯೂಟರುಗಳ ಯುಗಕ್ಕೆ ಮುನ್ನವೇ ಹುಟ್ಟಿದ ಒಂದು ಗಣಿತ. ಈಗ ಕರ್ನಾಟಕದಲ್ಲಿರುವ ಹೂವಿನ ಹಡಗಲಿಯಲ್ಲಿ 1920ರಲ್ಲಿ ಜನಿಸಿ, ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ದೀರ್ಘಕಾಲ ದುಡಿದು, 2023ರಲ್ಲಿ ನಿಧನರಾದ ಪ್ರಸಿದ್ಧ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರು 1940ರ ದಶಕದಲ್ಲಿ ‘ಲಂಬ ವಿನ್ಯಾಸ’ಗಳೆಂಬ ಅಂಕಿಗಳ ಕೋಷ್ಟಕಗಳನ್ನು ರೂಪಿಸಿದರು. ಹಲವು ಅಂಶಗಳು ಒಟ್ಟಿಗೆ ಕೆಲಸಮಾಡುವ ಪ್ರಯೋಗಗಳನ್ನು ಕಡಮೆ ಸಂಖ್ಯೆಯಲ್ಲಿ ಮುಗಿಸುವುದು ಹೇಗೆಂಬುದು ಅವುಗಳ ಹಿಂದಿದ್ದ ಪ್ರಶ್ನೆ. ಅಂಥದೊಂದು ಕೋಷ್ಟಕ ಇದು. ಒಂದೊಂದು ಗುಂಪಿನಲ್ಲಿಯೂ ನಾಲ್ಕು ಅಂಕಿಗಳು ಕ್ರಮವಾಗಿ ತೆರೆ, ಅಕ್ಷರ, ಬ್ರೌಸರು, ಸಂಪರ್ಕಗಳ ಬಗೆಯನ್ನು ಸೂಚಿಸುವುವು:

1111, 1222, 1333,
2123, 2231, 2312,
3132, 3213, 3321.

ವಾಚಕರು ಕಾಗದ ಪೆನ್ಸಿಲು ಹಿಡಿದು ಪರೀಕ್ಷಿಸಬಹುದು. ಯಾವ ಎರಡು ಸ್ಥಾನಗಳನ್ನು ಆರಿಸಿಕೊಂಡರೂ 11, 12, 13, 21, 22, 23, 31, 32, 33 ಎಂಬ ಒಂಬತ್ತು ಜೋಡಿಗಳೂ ಒಂದೊಂದು ಸಲ ಬಂದೇ ಬಂದಿವೆ. ಎರಡು ಅಂಶಗಳು ಕೂಡಿದಾಗ ಹುಟ್ಟುವ ಯಾವ ದೋಷವೂ ಈ ಒಂಬತ್ತು ಪರೀಕ್ಷೆಗಳಿಂದ ತಪ್ಪಿಸಿಕೊಳ್ಳಲಾರದು. ಮೂರನೆಯ ಗುಂಪನ್ನು ನೋಡಿ: ಗಿಡ್ಡ ತೆರೆ, ದೊಡ್ಡ ಅಕ್ಷರ. ನಮ್ಮ ಪುಟವನ್ನು ಈ ಕ್ರಮದಲ್ಲಿ ಪರೀಕ್ಷಿಸಿದ್ದರೆ ಮೂರನೆಯ ಪರೀಕ್ಷೆಯಲ್ಲಿಯೇ, ಹದಿನೈದು ನಿಮಿಷದೊಳಗೆ, ತಪ್ಪು ಸಿಕ್ಕಿಬೀಳುತ್ತಿತ್ತು. ಮೂರು ಅಂಶಗಳು ಕೂಡಿದರೆ ಮಾತ್ರ ಕಾಣುವ ದೋಷ ಈ ಬಲೆಯಿಂದ ನುಸುಳಬಹುದೆಂಬುದೂ ನಿಜ. ಆದರೆ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂತ್ರಾಂಶಗಳ ವೈಫಲ್ಯಗಳಲ್ಲಿ ಬಹುಪಾಲು ಒಂದೋ ಎರಡೋ ಅಂಶಗಳಿಂದ ಹುಟ್ಟಿದವೆಂದು ಕಂಡುಬಂದಿತು. ಎಲ್ಲವನ್ನೂ ನೋಡಲಾಗದವನು ಯಾವುದನ್ನು ನೋಡಬೇಕೆಂದು ಆರಿಸುವುದರಲ್ಲಿಯೇ ಪ್ರಯೋಗದ ಜಾಣತನವಿದೆ.

ಕೊನೆಯ ಮಾತು

ಪುಟವನ್ನು ತಿದ್ದುವುದಕ್ಕೆ ಹಿಡಿದ ಕಾಲ ಐದು ನಿಮಿಷ; ಮರೆಮಾಡುವ ಆದೇಶದ ಒಂದು ಸಾಲನ್ನು ತೆಗೆದುಹಾಕಿದೆವು, ಅಷ್ಟೆ. ಆದರೆ ಬಸ್ಸು ಕಾವಲೂರಿಗೆ ಹೋಗಿ ಬಂದಾಗಿತ್ತು. ಮರುದಿನ ತರಗತಿಯಲ್ಲಿ, ಅಂದು ನಕ್ಕವರೆಲ್ಲರ ಎದುರಿಗೆ, ತಪ್ಪು ನಮ್ಮದೆಂದು ಹೇಳಿ ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸಿದೆವು. ಹುಡುಗ ತಲೆ ತಗ್ಗಿಸಿ ಕುಳಿತಿದ್ದವನು, 660ನ್ನು 500ರ ಪಕ್ಕದಲ್ಲಿ ಬರೆದಾಗ ತಲೆಯೆತ್ತಿ ನೋಡಿದ.

ಇಂದು ಶಾಲೆಯ ಪ್ರವೇಶ, ವಿದ್ಯಾರ್ಥಿವೇತನ, ಪರೀಕ್ಷೆಯ ಅರ್ಜಿ, ಪಹಣಿ ಎಲ್ಲವೂ ಇಂಥ ಪುಟಗಳ ಮೂಲಕವೇ ನಡೆಯುತ್ತಿವೆ. ಒಂದು ಮನೆಯಲ್ಲಿ ಇರುವುದು ಒಂದೇ ಫೋನು, ಅದೂ ಹಳೆಯದು, ಅದನ್ನು ನಾಲ್ವರು ಬಳಸುವರು ಎಂಬುದು ನಮ್ಮ ನಾಡಿನಲ್ಲಿ ಅಪರೂಪದ ಸ್ಥಿತಿಯೇನಲ್ಲ. ಈ ಮಾಸಪತ್ರಿಕೆಯನ್ನು ಓದುವ ವಿದ್ಯಾರ್ಥಿಗಳಲ್ಲಿ ಹಲವರು ಮುಂದೆ ಪುಟಗಳನ್ನೂ ಆ್ಯಪುಗಳನ್ನೂ ರಚಿಸುವವರಾಗುವರು. ‘ನಮ್ಮಲ್ಲಿ ಸರಿಯಾಗಿ ಕಾಣುತ್ತದೆ’ ಎಂಬುದು ಒಂದು ಅಳತೆ ಮಾತ್ರ, ಅದು ಪ್ರಮಾಣವಲ್ಲ ಎಂಬುದನ್ನು ಅವರು ನೆನಪಿನಲ್ಲಿಟ್ಟುಕೊಂಡರೆ ಸಾಕು. ಯಾರಾದರೂ ಬಂದು ‘ಬಟನ್ನೇ ಇರಲಿಲ್ಲ’ ಎಂದರೆ ನಾವು ಈಗ ಮೊದಲು ಕೇಳುವ ಮಾತು ಒಂದೇ: “ಫೋನು ತಂದಿದ್ದೀಯೇನಪ್ಪ? ತೋರಿಸು, ನೋಡೋಣ.”